ಶಾಲು, ಹಾರ ಪಕ್ಕಕ್ಕಿಡಿ: ನಿಮ್ಮೂರಿನ ಕಾರ್ಖಾನೆ ಮಾಲಕರ ಬದುಕು ಬರೆಯುವುದು ಹೇಗೆ

ಪ್ರತಿ ಊರಲ್ಲೂ ಇಂಥವರೊಬ್ಬರು ಇರುತ್ತಾರೆ. ತಗಡಿನ ಶೆಡ್ಡಿನಲ್ಲಿ ಶುರು ಮಾಡಿ, ಎರಕವನ್ನೋ ಹಂಚನ್ನೋ ಊದಿನಕಡ್ಡಿಯನ್ನೋ ತಯಾರಿಸಿ ಮೇಲೆ ಬಂದವರು. ಆಮೇಲೆ ಶಾಲೆಗೆ ಎರಡು ಕೋಣೆ, ಗುಡಿಗೆ ಸಭಾಮಂಟಪ, ಬಸ್ ಸ್ಟ್ಯಾಂಡಿಗೆ ಕುಡಿಯುವ ನೀರಿನ ಟಾಕಿ ಕಟ್ಟಿಸಿಕೊಟ್ಟವರು. ಅವರಿಗೆ ಎಪ್ಪತ್ತೈದು ತುಂಬಿದಾಗ, ಇಲ್ಲವೇ ತೀರಿಕೊಂಡು ವರ್ಷ ಆದಾಗ, ಮನೆಯವರು "ಒಂದು ಪುಸ್ತಕ ಮಾಡೋಣ" ಅನ್ನುತ್ತಾರೆ. ಊರಲ್ಲಿ ನಾಲ್ಕು ಸಾಲು ನೆಟ್ಟಗೆ ಬರೆಯುವವರು ಯಾರಿದ್ದಾರೋ ಅವರ ತಲೆಗೆ ಅದು ಬೀಳುತ್ತದೆ.

ನಾನು ಬೆಳಗಾವಿಯ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ, ಅಂದರೆ ಎರಕದ ಕಾರ್ಖಾನೆಯಲ್ಲಿ, ಲೆಕ್ಕ ಬರೆಯುತ್ತಿದ್ದವಳು. ರಿಟೈರ್ ಆದ ಮೇಲೆ ಇಂಥ ಪುಸ್ತಕಗಳನ್ನು ಬರೆದುಕೊಡುವುದು, ಬೇರೆಯವರು ಬರೆದದ್ದನ್ನು ತಿದ್ದುವುದು ನನ್ನ ಪಾಲಿಗೆ ಬಂತು. ಓದಿದ ಬಹಳಷ್ಟು ಪುಸ್ತಕಗಳಲ್ಲಿ ಒಂದೇ ಕೊರತೆ. ಕೊಟ್ಟ ದುಡ್ಡಿಗೆ ಐವತ್ತು ಪುಟ, ಫೋಟೋ ಸಮೇತ. ಗಳಿಸಿದ ದುಡ್ಡಿಗೆ ಒಂದೇ ಸಾಲು: "ಸ್ವಂತ ಪರಿಶ್ರಮದಿಂದ ಮೇಲೆ ಬಂದರು." ಹೇಗೆ ಬಂದರು? ಏನು ಮಾಡಿದರು? ಯಾರಿಗೆ ಮಾರಿದರು? ಅದೇ ಇರುವುದಿಲ್ಲ. ಬರೆಯಲು ಕೂತವರು ಈ ಕಡೆಯಿಂದ ಶುರು ಮಾಡಬೇಕು ಅನ್ನುವುದು ನನ್ನ ಹಟ.

ಉದಾಹರಣೆಗೆ ಕಿರ್ಲೋಸ್ಕರ್ ಕಂಪನಿಗಳನ್ನು ಹುಟ್ಟುಹಾಕಿದ ಲಕ್ಷ್ಮಣರಾವ್ ಕಿರ್ಲೋಸ್ಕರರನ್ನು ಹಿಡಿಯುತ್ತೇನೆ. ಸವದತ್ತಿ ಕಡೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದವರು, ಬೆಳಗಾವಿಯಲ್ಲಿ ಅಂಗಡಿ ಇಟ್ಟವರು. ನಮ್ಮ ಪೇಟೆಯ ಕಿರ್ಲೋಸ್ಕರ್ ರೋಡಿನಲ್ಲಿ ಸೀರೆ ಕೊಳ್ಳುವ ಅರ್ಧ ಜನಕ್ಕೆ ಆ ಹೆಸರು ಯಾಕೆ ಬಂತೆಂದು ಗೊತ್ತಿಲ್ಲ, ಅದು ಬೇರೆ ಮಾತು.

ಮೊದಲು ಮಾಲು, ಆಮೇಲೆ ಮನುಷ್ಯ

ಮನೆಗೆ ಹೋಗುವ ಮೊದಲು ಕಾರ್ಖಾನೆಗೆ ಹೋಗಿ. ಮುಚ್ಚಿದ್ದರೆ ಅದೇ ಮಾಲು ಮಾಡುವ ಇನ್ನೊಂದು ಕಡೆ ಹೋಗಿ. ನಿಮ್ಮ ಕಣ್ಣೆದುರಿಗೆ ಒಂದು ಪೀಸು ತಯಾರಾಗುವುದನ್ನು ಮೊದಲಿಂದ ಕೊನೆವರೆಗೆ ನೋಡಿ. ಕಚ್ಚಾ ಮಾಲು ಎಲ್ಲಿಂದ ಬರುತ್ತಿತ್ತು, ದಿನಕ್ಕೆ ಎಷ್ಟು ಆಗುತ್ತಿತ್ತು, ರಿಜೆಕ್ಷನ್ ಎಷ್ಟು, ಮೊದಲ ಗಿರಾಕಿ ಯಾರು, ಆತ ಏನು ತಕರಾರು ತೆಗೆದ, ಇಷ್ಟನ್ನು ಕೇಳಿ ಬರೆದುಕೊಳ್ಳಿ.

ಕಿರ್ಲೋಸ್ಕರರ ವಿಷಯದಲ್ಲಿ ಮಾಲು ಅಂದರೆ ಮೇವು ಕತ್ತರಿಸುವ ಯಂತ್ರ ಮತ್ತು ಕಬ್ಬಿಣದ ನೇಗಿಲು. ಮರದ ನೇಗಿಲು ಹೂಡುತ್ತಿದ್ದ ರೈತರು ಕಬ್ಬಿಣ ತಾಗಿದರೆ ಮಣ್ಣಿಗೆ ವಿಷ ಏರುತ್ತದೆ ಎಂದು ಹೆದರುತ್ತಿದ್ದರು. ಮೊದಲ ನೇಗಿಲು ಮಾರಾಟವಾಗಲು ಎರಡು ವರ್ಷ ಹಿಡಿಯಿತು. ಇಷ್ಟು ಬರೆದರೆ ಸಾಕು, "ಛಲ ಬಿಡದ ತ್ರಿವಿಕ್ರಮ" ಅಂತ ಬರೆಯುವ ಅಗತ್ಯವೇ ಬೀಳುವುದಿಲ್ಲ. ಮೊದಲ ಮಹಾಯುದ್ಧದಲ್ಲಿ ಕಬ್ಬಿಣ ಸಿಗದೆ ಹೋದಾಗ ಕೊಲ್ಹಾಪುರದ ಶಾಹು ಮಹಾರಾಜರು ಹಳೆಯ ಫಿರಂಗಿಗಳನ್ನು ಕೊಟ್ಟರು. ಅವನ್ನು ಕರಗಿಸಿ ನೇಗಿಲು ಎರಕ ಹೊಯ್ದರು. ಕಚ್ಚಾ ಮಾಲು ಎಲ್ಲಿಂದ ಬಂತು ಎಂದು ಕೇಳಿದವರಿಗೇ ಇಂಥದ್ದು ಸಿಗುವುದು.

ನಾನು ಬರೆದ ಒಬ್ಬ ಮಾಲಕರ ಬಗ್ಗೆ ಮನೆಯವರು "ತುಂಬಾ ಶಿಸ್ತಿನ ಮನುಷ್ಯ" ಎಂದು ಹೇಳಿದ್ದರು. ಶಿಸ್ತು ಅಂದರೇನು, ಅಲ್ವಾ? ಅವರ ಕೈಕೆಳಗೆ ದುಡಿದ ಹಳೆಯ ಮೌಲ್ಡರ್ (ಎರಕಕ್ಕೆ ಉಸುಕಿನ ಅಚ್ಚು ಮಾಡುವವರು) ಒಬ್ಬರನ್ನು ಕೇಳಿದೆ. ಅವರು ಎದ್ದು ಹೋಗಿ, ಪಕ್ಕದ ಶೆಡ್ಡಿನಿಂದ ಒಂದು ಹಿಡಿ ಉಸುಕು ತಂದರು. ಫೌಂಡ್ರಿ ಉಸುಕು, ಕಪ್ಪಗೆ, ಬೆಂಟೊನೈಟು ಎಂಬ ಜೇಡಿಮಣ್ಣು, ಕಲ್ಲಿದ್ದಲ ಪುಡಿ ಬೆರೆಸಿದ್ದು. ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಡಿದು ಕೈ ಬಿಚ್ಚಿದರು. ಬೆರಳ ಗುರುತು ಉಂಡೆಯ ಮೇಲೆ ಸ್ಪಷ್ಟವಾಗಿ ಮೂಡಿತ್ತು. ಆಮೇಲೆ ಎರಡೂ ಕೈಯಲ್ಲಿ ಹಿಡಿದು ನಡುವೆ ಮುರಿದರು. ಅಂಚು ಉದುರಲಿಲ್ಲ.

"ನೋಡ್ರಿ ಅಕ್ಕಾರ, ಹಿಂಗ ಮುರೀಬೇಕು. ನೀರು ಜಾಸ್ತಿ ಆದ್ರ ಕಾದ ಕಬ್ಬಿಣ ಬಿದ್ದ ಕೂಡ್ಲೆ ಉಗಿ ಏಳ್ತದ, ಮಾಲಿನೊಳಗ ತೂತು ಬೀಳ್ತಾವು. ಕಡಿಮಿ ಆದ್ರ ಉಸುಕ ಉದುರಿ ಮಾಲು ಕೆಡ್ತದ. ಮಾಲಕರು ಮುಂಜಾನೆ ಬಂದ್ರ ಆಫೀಸಿಗೆ ಹೋಗ್ತಿದ್ದಿಲ್ಲ. ಸೀದಾ ಇಲ್ಲಿ ಬಂದು ಮುಷ್ಟಿ ಹಿಡೀತಿದ್ರು. ಬಿಳಿ ಅಂಗೀ ತೋಳು ಕರ್ರಗ ಆಗಿರ್ತಿತ್ತು."

ಶಿಸ್ತಿನ ಅಧ್ಯಾಯ ಮುಗಿಯಿತು. ಅದಕ್ಕೆ ನಾನು ಒಂದು ವಿಶೇಷಣವನ್ನೂ ಸೇರಿಸಲಿಲ್ಲ.

"ಬರಿಗೈಯಲ್ಲಿ ಬಂದರು" ಅನ್ನುವುದನ್ನು ತಪಾಸಣೆ ಮಾಡಿ

ಪೂರ್ತಿ ಬರಿಗೈಯಲ್ಲಿ ಯಾರೂ ಫ್ಯಾಕ್ಟರಿ ಹಾಕುವುದಿಲ್ಲ. ಯಾರೋ ಸಾಲ ಕೊಟ್ಟಿರುತ್ತಾರೆ, ಯಾರೋ ಜಾಗ ಬಿಟ್ಟಿರುತ್ತಾರೆ, ಹೆಂಡತಿಯ ಪಾಟಲಿ, ಬಿಲ್ವಾರದಂಥ ಬಳೆಗಳು ಒತ್ತೆಗೆ ಹೋಗಿರುತ್ತವೆ. ಇದನ್ನು ಬರೆದರೆ ಮಾಲಕರ ಗೌರವ ಕಮ್ಮಿಯಾಗುತ್ತದೆ ಎಂದು ಮನೆಯವರು ಅಂಜುತ್ತಾರೆ. ನನ್ನ ಪ್ರಕಾರ ಜಾಸ್ತಿಯೇ ಆಗುತ್ತದೆ, ಯಾಕೆಂದರೆ ಒಬ್ಬ ಮನುಷ್ಯನನ್ನು ನಂಬಿ ಬೇರೆಯವರು ದುಡ್ಡು ಹಾಕಿದ್ದಾರೆ.

ಲಕ್ಷ್ಮಣರಾಯರ ದಾರಿ ನೋಡಿ. ಚಿತ್ರ ಬರೆಯುವ ಹುಚ್ಚಿನಿಂದ ಮುಂಬೈನ ಜೆ.ಜೆ. ಸ್ಕೂಲ್ ಆಫ್ ಆರ್ಟ್‌ಗೆ ಹೋದರು. ಕೆಲವು ಬಣ್ಣಗಳು ಕಣ್ಣಿಗೆ ಸರಿಯಾಗಿ ತಿಳಿಯುವುದಿಲ್ಲ ಎಂದು ಅಲ್ಲಿ ಗೊತ್ತಾಯಿತು. ಬಣ್ಣ ಬಿಟ್ಟು ಮೆಕ್ಯಾನಿಕಲ್ ಡ್ರಾಯಿಂಗ್ ಹಿಡಿದರು, ವಿಕ್ಟೋರಿಯಾ ಜುಬಿಲಿ ಟೆಕ್ನಿಕಲ್ ಇನ್‌ಸ್ಟಿಟ್ಯೂಟಿನಲ್ಲಿ ಅದನ್ನೇ ಕಲಿಸುವ ಮಾಸ್ತರರಾದರು. 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಶುರುವಾದಾಗ ಅವರಿನ್ನೂ ಮುಂಬೈಯಲ್ಲೇ ಇದ್ದರು. ಇಲ್ಲಿ ಅಂಗಡಿ ನೋಡಿಕೊಂಡವರು ಅಣ್ಣ ರಾಮುಅಣ್ಣ. ಮುಂಬೈಯಲ್ಲಿ ತನಗೆ ಬರಬೇಕಿದ್ದ ಬಡ್ತಿ ಒಬ್ಬ ಆಂಗ್ಲೋ ಇಂಡಿಯನ್‌ಗೆ ಹೋದ ಮೇಲೆ ಇವರು ಕೆಲಸ ಬಿಟ್ಟು ಊರಿಗೆ ಬಂದರು. ಆಮೇಲೆ ಹೊಸ ಬಡಾವಣೆಗೆಂದು ಬೆಳಗಾವಿ ಮುನ್ಸಿಪಾಲಿಟಿ ವರ್ಕ್‌ಶಾಪಿನ ಜಾಗ ಬಿಡಲು ಹೇಳಿತು. ಆಗ ಕೈ ಹಿಡಿದವರು ಈಗಿನ ಮಹಾರಾಷ್ಟ್ರದಲ್ಲಿದ್ದ ಔಂಧ್ ಸಂಸ್ಥಾನದ ರಾಜರು. ಕುಂಡಲ ರೋಡ್ ಸ್ಟೇಷನ್ ಹತ್ತಿರ 32 ಎಕರೆ ಬರಡು ಜಮೀನು ಕೊಟ್ಟರು, ಸಾಲವನ್ನೂ ಕೊಟ್ಟರು. ಹಾವು, ಪಾಪಾಸುಕಳ್ಳಿ ತುಂಬಿದ ಆ ಜಾಗದಲ್ಲಿ 1910ರ ಮಾರ್ಚ್ 10ರಂದು ಕಿರ್ಲೋಸ್ಕರವಾಡಿ ಎಂಬ ಕಾರ್ಖಾನೆಯ ಊರು ಶುರುವಾಯಿತು.

ಇದರಲ್ಲಿ ಅಣ್ಣ ಇದ್ದಾರೆ, ರಾಜರಿದ್ದಾರೆ, ಜಾಗ ಬಿಡಿಸಿದ ಮುನ್ಸಿಪಾಲಿಟಿಯೂ ಇದೆ. ಅವರನ್ನೆಲ್ಲ ತೆಗೆದುಹಾಕಿದರೆ ಕಥೆಯೇ ನಿಲ್ಲುವುದಿಲ್ಲ. ನಿಮ್ಮ ಮಾಲಕರ ಬದುಕಿನಲ್ಲೂ ಒಬ್ಬ ರಾಮುಅಣ್ಣ ಇರುತ್ತಾರೆ. ಹುಡುಕಿ.

ಕಾಗದ ಎಲ್ಲಿ ಸಿಗುತ್ತದೆ

ಜನರ ನೆನಪು ಬೇಕು, ಆದರೆ ತಾರೀಖಿಗೆ ಮಾತ್ರ ನೆನಪನ್ನು ನಂಬಬೇಡಿ. ಹುಟ್ಟಿದ ದಿನದಿಂದಲೇ ಎಡವಟ್ಟು ಶುರುವಾಗುತ್ತದೆ. ಹಿಂದಿನ ಕಾಲದಲ್ಲಿ ಶಾಲೆಗೆ ಸೇರಿಸುವಾಗ ಮಾಸ್ತರರು ಜೂನ್ 1 ಎಂದು ಬರೆದುಬಿಡುತ್ತಿದ್ದರು. ದಾಖಲೆಯಲ್ಲಿ ಜೂನ್ 1 ಕಂಡರೆ ಸ್ವಲ್ಪ ತಡೆಯಿರಿ, ಮನೆಯ ಜಾತಕ ಕೇಳಿ.

ಜಾತಕದಲ್ಲಿ, ಹಳೆಯ ಕಿರ್ದಿ (ದಿನದ ಲೆಕ್ಕದ) ಪುಸ್ತಕದಲ್ಲಿ ಇಸವಿಯ ಬದಲು ಸಂವತ್ಸರದ ಹೆಸರು ಇರಬಹುದು. ಸರ್ವಜಿತ್ ಸಂವತ್ಸರ ಅಂದರೆ 1947-48. ಆದರೆ ಅರವತ್ತು ವರ್ಷ ಹಿಂದೆ ಸರಿದರೆ 1887-88 ಕೂಡ ಸರ್ವಜಿತ್ತೇ. ಜೊತೆಗೆ ಶಕ ವರ್ಷ ಬರೆದಿದ್ದರೆ ಗೊಂದಲವಿಲ್ಲ, ಅದಕ್ಕೆ 78 ಕೂಡಿಸಿ. ಪುಷ್ಯ, ಮಾಘ, ಫಾಲ್ಗುಣದ ತಿಥಿಗಳು ಜನವರಿ ದಾಟಿದ್ದರೆ 79. ನಮ್ಮ ಕಡೆ ವ್ಯಾಪಾರಿಗಳು ದೀಪಾವಳಿ ಪಾಡ್ಯಕ್ಕೆ ಹೊಸ ಪುಸ್ತಕ ತೆಗೆಯುತ್ತಿದ್ದರು. ಹಾಗಾಗಿ ಕಿರ್ದಿಯ ವರ್ಷ ಮತ್ತು ಯುಗಾದಿಯ ವರ್ಷ ಹೊಂದುವುದಿಲ್ಲ, ಇದನ್ನು ಲಕ್ಷ್ಯದಲ್ಲಿ ಇಡಿ. ಇನ್ನೂ ಹಳೆಯ ಪುಸ್ತಕಗಳು ಮೋಡಿ ಲಿಪಿಯಲ್ಲಿ, ಅಂದರೆ ಮರಾಠಿಯ ಹಳೆಯ ಕೂಡುಬರಹದಲ್ಲಿ, ಸಿಕ್ಕಬಹುದು. ಓದುವವರು ಕಮ್ಮಿ, ಆದರೆ ಇದ್ದಾರೆ. ಅಂದಾಜಿನ ಮೇಲೆ ಓದಲು ಹೋಗಬೇಡಿ.

ಜಾಗದ ವಿಷಯಕ್ಕೆ ಪಹಣಿ, ಅಂದರೆ ನಮ್ಮ ಉತಾರ, ಮತ್ತು ಸಬ್ ರಿಜಿಸ್ಟ್ರಾರ್ ಕಚೇರಿಯ ಖರೀದಿ ಪತ್ರ ನೋಡಿ. ಅಡವಿಟ್ಟದ್ದು, ಬಿಡಿಸಿಕೊಂಡದ್ದು ಅಲ್ಲಿ ಕಾಣುತ್ತದೆ. ಟ್ರಸ್ಟ್ ಇದ್ದರೆ ಟ್ರಸ್ಟ್ ಡೀಡಿನ ಪ್ರತಿ ಕೇಳಿ. ಸಂಸ್ಥಾನದ, ಬ್ರಿಟಿಷರ ಕಾಲದ ವಿಷಯವಾದರೆ ಹಳೆಯ ಗೆಜೆಟಿಯರುಗಳೂ, ಬೆಂಗಳೂರಿನ ರಾಜ್ಯ ಪತ್ರಾಗಾರವೂ ಇವೆ. ಹೊರಡುವ ಮೊದಲು ಫೋನ್ ಮಾಡಿ, ಸುಮ್ನೆ ಹೋಗಿ ವಾಪಸ್ ಬರಬೇಡಿ.

ಲೆಕ್ಕದವಳಾಗಿ ನನಗೆ ಪ್ರಿಯವಾದ ಕಾಗದಗಳು ಬೇರೆ. ಮೊದಲನೆಯದು ಕರೆಂಟ್ ಮಂಜೂರಾತಿ ಪತ್ರ. ಎಷ್ಟು ಹಾರ್ಸ್‌ಪವರ್ ಕೇಳಿದ್ದರು, ಎಷ್ಟು ಸಿಕ್ಕಿತು, ಯಾವಾಗ ಜಾಸ್ತಿ ಮಾಡಿಸಿದರು ಎಂದು ನೋಡಿದರೆ ಕಾರ್ಖಾನೆ ಬೆಳೆದ ಬಗೆ ತಿಳಿಯುತ್ತದೆ. ಎರಡನೆಯದು ಫ್ಯಾಕ್ಟರಿ ಲೈಸೆನ್ಸ್. 1948ರ ಕಾರ್ಖಾನೆ ಕಾಯ್ದೆಯ ಪ್ರಕಾರ ಕರೆಂಟ್ ಬಳಸುವ ಕಡೆ 10 ಜನ, ಬಳಸದ ಕಡೆ 20 ಜನ ಕೆಲಸಗಾರರಾದರೆ ಅದು ಕಾರ್ಖಾನೆ ಆಗುತ್ತಿತ್ತು (2025ರ ನವೆಂಬರ್‌ನಲ್ಲಿ ಆ ಕಾಯ್ದೆಯ ಜಾಗಕ್ಕೆ ಹೊಸದು ಬಂತು). ಲೈಸೆನ್ಸಿನ ತಾರೀಖು ನೋಡಿದರೆ ಶೆಡ್ಡು ಸುಮಾರು ಯಾವಾಗ ಆ ಸಂಖ್ಯೆ ದಾಟಿತು ಎಂದು ಗೊತ್ತಾಗುತ್ತದೆ. (ಕೆಲವರು ಒಂಬತ್ತಕ್ಕೇ ನಿಲ್ಲಿಸಿ ವರ್ಷಗಟ್ಟಲೆ ಎಳೆಯುತ್ತಿದ್ದರು. ಹತ್ತನೆಯವನ ಹೆಸರು ಹಾಜರಿ ಪುಸ್ತಕದಲ್ಲಿ ಇರುತ್ತಿರಲಿಲ್ಲ. ಅದನ್ನು ಬರೆಯಬೇಕೋ ಬೇಡವೋ ನಿಮಗೆ ಬಿಟ್ಟಿದ್ದು, ನಾನಾದರೆ ಬರೆಯುತ್ತೇನೆ.) ಮೂರನೆಯದು ಹಾಜರಿ ಪುಸ್ತಕವೇ. ಮೊದಲ ಹೆಸರುಗಳನ್ನು ಇಳಿಸಿಕೊಳ್ಳಿ. ಮುಂದೆ ಮಾತಾಡಿಸಬೇಕಾದವರು ಇವರೇ.

ಯಾರನ್ನು, ಹೇಗೆ ಕೇಳಬೇಕು

ಮಕ್ಕಳನ್ನು ಕೊನೆಗೆ ಕೇಳಿ. ಮೊದಲು ಹಳೆಯ ಟರ್ನರ್, ಫಿಟ್ಟರ್, ಲಾರಿ ಡ್ರೈವರ್, ಚಹಾ ತರುತ್ತಿದ್ದ ಹುಡುಗ. ಹುಡುಗ ಅಂದರೆ ಈಗ ಅವನಿಗೂ ಅರವತ್ತು. ಮಾಲಕರ ಮಗ ನಿಮ್ಮ ಜೊತೆ ಕಾರಿನಲ್ಲಿ ಬಂದು ಪಕ್ಕದಲ್ಲೇ ಕೂತರೆ ಯಾರೂ ಬಾಯಿ ಬಿಡುವುದಿಲ್ಲ. ನೀವೇ ಬಸ್ ಹತ್ತಿ ಹೋಗಿ.

"ಮಾಲಕರು ಹೇಗಿದ್ದರು?" ಎಂದು ಕೇಳಿದರೆ "ದೇವರಂಥವರು" ಎಂಬ ಉತ್ತರ ತಯಾರಾಗಿರುತ್ತದೆ. ಅದರ ಬದಲು ಕೈಗೆ ಸಿಗುವಂಥ ಪ್ರಶ್ನೆ ಹಾಕಿ. ಮೊದಲ ಪಗಾರ ಎಷ್ಟು? ವಾರಕ್ಕೋ ತಿಂಗಳಿಗೋ? ಊಟಕ್ಕೆ ಎಲ್ಲಿ ಕೂಡುತ್ತಿದ್ದಿರಿ, ಮಾಲಕರು ಎಲ್ಲಿ ಕೂಡುತ್ತಿದ್ದರು? ಬೆರಳು ಸಿಕ್ಕಿಕೊಂಡಾಗ ದವಾಖಾನೆಗೆ ಯಾರು ಒಯ್ದರು, ಬಿಲ್ಲು ಯಾರು ಕೊಟ್ಟರು? ಮಗಳ ಮದುವೆಗೆ ಉಚಲು ಕೇಳಿದಾಗ ಏನಂದರು? ಉಚಲಿನ ಪ್ರಶ್ನೆ ಮಾತ್ರ ಬಿಡಲೇಬೇಡಿ. ಮುಂಗಡ ಕೇಳಲು ಹೋದವನನ್ನು ಮಾಲಕ ಎಷ್ಟು ಹೊತ್ತು ನಿಲ್ಲಿಸಿದ ಎನ್ನುವುದು ಕೆಲಸಗಾರನಿಗೆ ಜನ್ಮವಿಡೀ ನೆನಪಿರುತ್ತದೆ.

ಮನೆಯ ಹೆಂಗಸರನ್ನು ಅಡುಗೆಮನೆಯಲ್ಲೇ ಮಾತಾಡಿಸಿ. ಶುರುವಿನ ವರ್ಷಗಳಲ್ಲಿ ಕೆಲಸಗಾರರಿಗೆ ಭಕ್ರಿ ಬಡಿದವರು, ಲೆಕ್ಕದ ಚೀಟಿ ಡಬ್ಬಿಯಲ್ಲಿ ಕಾಪಾಡಿದವರು ಇವರು. ಹಳೆಯ ಚೀಟಿಗಳು ಇವತ್ತಿಗೂ ಅದೇ ಡಬ್ಬಿಯಲ್ಲಿ ಸಿಕ್ಕಿದ್ದುಂಟು.

ರೆಕಾರ್ಡ್ ಮಾಡುವುದಾದರೆ ಹೇಳಿ ಮಾಡಿ. ಬರೆದ ಮೇಲೆ ಅವರ ಮಾತನ್ನು ಅವರಿಗೇ ಓದಿ ತೋರಿಸಿ. "ಇದು ಬ್ಯಾಡ್ರಿ, ನನ್ನ ಮೊಮ್ಮಗ ಅಲ್ಲೇ ಕೆಲಸಕ್ಕ ಅದಾನ" ಎಂದರೆ ತೆಗೆದುಬಿಡಿ, ಇಲ್ಲವೇ ಹೆಸರು ಬಿಟ್ಟು ಬರೆಯಿರಿ.

ಈಗ ದಾನಕ್ಕೆ ಬನ್ನಿ

ಇಲ್ಲಿ ನನ್ನ ಹಳೆಯ ಕಸುಬು ಉಪಯೋಗಕ್ಕೆ ಬರುತ್ತದೆ. ಪ್ರತಿ ದಾನಕ್ಕೂ ಕೇಳಬೇಕಾದ ಮೊದಲ ಪ್ರಶ್ನೆ: ಯಾರ ದುಡ್ಡು? ಮಾಲಕರ ಸ್ವಂತದ್ದೋ, ಕಂಪನಿಯದ್ದೋ, ಟ್ರಸ್ಟಿನದ್ದೋ? ರಸೀದಿ ನೋಡಿ. 80ಜಿ ರಸೀದಿ, ಅಂದರೆ ದಾನಕ್ಕೆ ತೆರಿಗೆ ರಿಯಾಯಿತಿ ಪಡೆಯುವ ರಸೀದಿ, ಯಾರ ಹೆಸರಲ್ಲಿದೆ ಎಂದು ನೋಡಿದರೆ ಉತ್ತರ ಸಿಗುತ್ತದೆ. 2014ರಿಂದ ಈಚೆಗೆ ಇನ್ನೂ ಒಂದು ವಿಷಯ ಸೇರಿಕೊಂಡಿದೆ. ವರ್ಷಕ್ಕೆ 5 ಕೋಟಿ ನಿವ್ವಳ ಲಾಭ ಮುಟ್ಟಿದ ಕಂಪನಿ, ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ. 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕೆಂದು ಕಾಯ್ದೆಯೇ ಇದೆ. ಆ ಲೆಕ್ಕದಲ್ಲಿ ಕಟ್ಟಿಸಿದ ಶೌಚಾಲಯವನ್ನು ಬರೆಯಿರಿ, ಒಳ್ಳೆಯ ಕೆಲಸವೇ. ಆದರೆ ಅದನ್ನು "ಕೊಡುಗೈ ದಾನಿ" ಅಧ್ಯಾಯಕ್ಕೆ ಸೇರಿಸಬೇಡಿ. 1970ರಲ್ಲಿ ಯಾರೂ ಹೇಳದೆ, ಯಾವ ಕಾಯ್ದೆಯೂ ಇಲ್ಲದೆ ತೋಡಿಸಿದ ಬಾವಿ ಮತ್ತು ಇದು ಒಂದೇ ಖಾತೆಗೆ ಬರುವುದಿಲ್ಲ.

ಎರಡನೆಯದು ಬೋನಸ್. 1965ರ ಬೋನಸ್ ಕಾಯ್ದೆಯಲ್ಲಿ, ಶುರುವಿನ ಕೆಲವು ವರ್ಷ ಬಿಟ್ಟರೆ, ಪಗಾರದ ಮೇಲೆ ಕಡಿಮೆ ಅಂದರೆ ಶೇ. 8.33, ಜಾಸ್ತಿ ಅಂದರೆ ಶೇ. 20 ಇತ್ತು. ಸಭಾಮಂಟಪ ಕಟ್ಟಿಸಿದ ವರ್ಷ ಕೆಲಸಗಾರರಿಗೆ ಎಷ್ಟು ಬೋನಸ್ ಹೋಯಿತು ಎಂದು ಪಕ್ಕದಲ್ಲಿ ಇಟ್ಟು ನೋಡಿ. ಎರಡೂ ಮೇಲೆ ಇದ್ದರೆ ನಿಮ್ಮ ಪುಸ್ತಕಕ್ಕೆ ಅದಕ್ಕಿಂತ ದೊಡ್ಡ ಪ್ರಶಸ್ತಿ ಬೇಡ. ಮಂಟಪ ಎದ್ದು ಬೋನಸ್ 8.33ರಲ್ಲೇ ಕೂತಿದ್ದರೆ, ಯಾವ ಟೀಕೆಯನ್ನೂ ಮಾಡದೆ ಎರಡೂ ಅಂಕಿಯನ್ನು ಒಂದೇ ಪ್ಯಾರಾದಲ್ಲಿ ಬರೆಯಿರಿ. ಓದುವವರಿಗೆ ತಿಳಿಯುತ್ತದೆ.

ಮೂರನೆಯದು, ಕೊಟ್ಟದ್ದು ಈಗಲೂ ನಡೆಯುತ್ತಿದೆಯೇ? ಕಟ್ಟಡ ಕಟ್ಟಿಸುವುದು ಸುಲಭ, ಅದರ ಸುಣ್ಣ, ದೀಪ, ವಾಚ್‌ಮನ್ ಪಗಾರ ಕಷ್ಟ. ಗುಬ್ಬಿ ತೋಟದಪ್ಪನವರು ಕಾರ್ಖಾನೆಯವರಲ್ಲ, ಬೆಂಗಳೂರಿನ ವ್ಯಾಪಾರಿ. ಆದರೂ ಈ ವಿಷಯಕ್ಕೆ ನಾನು ಅವರ ಹೆಸರನ್ನೇ ತೆಗೆಯುತ್ತೇನೆ. ರೈಲ್ವೆ ಸ್ಟೇಷನ್ ಹತ್ತಿರ 1897ರಲ್ಲಿ ಜಾಗ ಕೊಂಡರು, 1903ರಲ್ಲಿ ಛತ್ರವನ್ನು ನಾಲ್ವಡಿ ಕೃಷ್ಣರಾಜ ಒಡೆಯರು ಉದ್ಘಾಟಿಸಿದರು, ಆಮೇಲೆ ವಿದ್ಯಾರ್ಥಿಗಳಿಗೆ ಉಚಿತ ಹಾಸ್ಟೆಲ್ ಬಂತು. ಅವರು 1910ರಲ್ಲಿ ತೀರಿಕೊಂಡರು. ಅವರ ಹೆಸರಿನ ಧರ್ಮಸಂಸ್ಥೆ ಇನ್ನೂ ನಡೆಯುತ್ತಿದೆ. ನಿಮ್ಮೂರಿನ ದಾನಕ್ಕೂ ಈ ಅಳತೆ ಹಚ್ಚಿ. ನೀರಿನ ಟಾಕಿಯ ನಲ್ಲಿ ತಿರುಗಿಸಿ ನೋಡಿ. ನೀರು ಬಂದರೆ ಬಂತೆಂದು ಬರೆಯಿರಿ.

ರಸೀದಿ ಇಲ್ಲದ ಕೊಡುಗೆಗಳೂ ಇವೆ. ಕಿರ್ಲೋಸ್ಕರವಾಡಿಯಲ್ಲಿ ಅಸ್ಪೃಶ್ಯತೆ ನಡೆಯಗೊಡಲಿಲ್ಲ. ಜೈಲು ಕಂಡುಬಂದವರನ್ನು ಕೆಲಸಕ್ಕೆ ತೆಗೆದುಕೊಂಡು ರಾತ್ರಿ ಕಾವಲಿಗೂ ಇಟ್ಟರು. ಇದಕ್ಕೆ ಖರ್ಚಾದದ್ದು ದುಡ್ಡಲ್ಲ, ಅವತ್ತಿನ ನೆಂಟರಿಷ್ಟರ ಮುಂದೆ ಇದಕ್ಕೆ ಬೇರೆಯೇ ಬೆಲೆ ಕೊಡಬೇಕಾಗುತ್ತಿತ್ತು. ನಿಮ್ಮ ಮಾಲಕರು ಯಾರನ್ನು ಕೆಲಸಕ್ಕೆ ಇಟ್ಟುಕೊಂಡರು, ಕುಡಿಯುವ ನೀರಿನ ಕೊಡ ಒಂದೇ ಇತ್ತೋ ಎರಡಿತ್ತೋ ಎಂದು ಕೇಳಿ. ಕೆಲವು ಕಡೆ ಈ ಪ್ರಶ್ನೆಗೆ ಒಂದು ಕ್ಷಣ ಯಾರೂ ಮಾತಾಡುವುದಿಲ್ಲ. ಕಾಯಿರಿ.

ಮುಜುಗರದ ವಿಷಯ

ಸ್ಟ್ರೈಕು, ಪಾಲುದಾರರ ಜಗಳ, ಕೋರ್ಟು, ಕಾಲುವೆಗೆ ಬಿಟ್ಟ ಕೊಳಕು ನೀರು. ಊರಿಗೆಲ್ಲ ಗೊತ್ತಿರುವ ಇಂಥದ್ದನ್ನು ಬಿಟ್ಟರೆ ಊರಿನವರು ಉಳಿದ ಪುಸ್ತಕವನ್ನೂ ನಂಬುವುದಿಲ್ಲ. ತಾರೀಖು, ಕಾರಣ, ಹೇಗೆ ಮುಗಿಯಿತು, ಇಷ್ಟನ್ನು ನಾಲ್ಕು ಸಾಲಿನಲ್ಲಿ ಬರೆದು ಮುಂದೆ ಹೋಗಿ. ಹಳೆಯ ಪತ್ರಿಕೆಯಲ್ಲಿ ಬಂದ ಸುದ್ದಿ ಸಿಕ್ಕರೆ ಅದನ್ನೇ ಆಧಾರ ಮಾಡಿಕೊಳ್ಳಿ. ಗಾಳಿಮಾತನ್ನು ಮುಟ್ಟಬೇಡಿ. ಮನೆಯೊಳಗಿನ ಜಗಳ, ಕಾಯಿಲೆ, ಎರಡನೆಯ ಸಂಸಾರದ ಗುಸುಗುಸು ನಿಮ್ಮ ಕೆಲಸವಲ್ಲ.

ಇದೆಲ್ಲ ಕೆಲಸ ಶುರುವಾಗುವ ಮೊದಲೇ ಮಾತಾಡಿಕೊಳ್ಳಬೇಕಾದದ್ದು. ಒಂದು ಕಾಗದದ ಮೇಲೆ ಬರೆಸಿಕೊಳ್ಳಿ: ತಾರೀಖು, ಅಂಕಿ ತಪ್ಪಿದ್ದರೆ ಮನೆಯವರು ತಿದ್ದಬಹುದು, ಬರಹ ಬದಲಿಸುವಂತಿಲ್ಲ. ದುಡ್ಡಿನಲ್ಲಿ ಅರ್ಧ ಮೊದಲೇ ತೆಗೆದುಕೊಳ್ಳಿ. ನಾಚಿಕೆ ಬೇಡ, ಅವರು ವ್ಯಾಪಾರಸ್ಥರು, ಮುಂಗಡ ಕೇಳಿದವರನ್ನು ಅವರು ಜಾಸ್ತಿ ಗೌರವಿಸುತ್ತಾರೆ.

ಪ್ರೆಸ್ಸಿಗೆ ಹೋಗುವಾಗ

ಪುಟಗಳ ಸಂಖ್ಯೆ 16ರ ಲೆಕ್ಕಕ್ಕೆ ಕೂಡಲಿ, ಇಲ್ಲದಿದ್ದರೆ ಖಾಲಿ ಪುಟಕ್ಕೂ ದುಡ್ಡು ಹೋಗುತ್ತದೆ. ಪುಸ್ತಕದ ಗುರುತಿಗೆ ಕೊಡುವ ಐ.ಎಸ್.ಬಿ.ಎನ್. ನಂಬರ್ ಉಚಿತ, ಅದನ್ನು ಮಾಡಿಸಿಕೊಡುತ್ತೇನೆಂದು ದುಡ್ಡು ಕೇಳುವವರಿಂದ ದೂರ ಇರಿ. ಸನ್ಮಾನದ ಫೋಟೋಗಳನ್ನು ನಾಲ್ಕಕ್ಕೆ ಇಳಿಸಿ, ಅವೆಲ್ಲವೂ ಒಂದೇ ಥರ ಕಾಣುತ್ತವೆ. ಅದರ ಬದಲು ಮೊದಲ ಬಿಲ್ಲು, ಹಾಜರಿ ಪುಸ್ತಕದ ಒಂದು ಪುಟ, ಮೊದಲ ಲೇತಿನ (ಲೋಹ ಕಡೆಯುವ ಯಂತ್ರದ) ಚಿತ್ರ ಹಾಕಿ. ನಮ್ಮ ಕಡೆಯ ಎಷ್ಟೋ ಶೆಡ್ಡುಗಳ ಮೊದಲ ಲೇತು ಹರಿಹರದ ಮೈಸೂರು ಕಿರ್ಲೋಸ್ಕರ್ ಕಂಪನಿಯದ್ದು. ಅದರ ಮೇಲಿನ ಪಟ್ಟಿಯಲ್ಲಿ ನಂಬರ್ ಇರುತ್ತದೆ, ಅದನ್ನೂ ಬರೆದುಕೊಳ್ಳಿ. ಪ್ರತಿಗಳನ್ನು ಹಂಚುವಾಗ ಊರ ಗ್ರಂಥಾಲಯಕ್ಕೆ, ಅವರು ಕಟ್ಟಿಸಿದ ಶಾಲೆಗೆ, ಮಾತಾಡಿದ ಪ್ರತಿಯೊಬ್ಬ ಕೆಲಸಗಾರರಿಗೆ ಎಂದು ಮೊದಲೇ ತೆಗೆದಿಡಿ. ಬಿಡುಗಡೆಯ ದಿನ ವೇದಿಕೆಯ ಮೇಲೆ ಎಲ್ಲ ಖರ್ಚಾಗಿಬಿಡುತ್ತವೆ.

ಇನ್ನು ಮುನ್ನುಡಿ. ಮಂತ್ರಿಗಳದ್ದೋ ಸ್ವಾಮಿಗಳದ್ದೋ ಬೇಕು ಎಂದು ಮನೆಯವರು ಹಟ ಹಿಡಿಯುತ್ತಾರೆ, ಅವರ ಕಚೇರಿಯಿಂದ "ಕಳಿಸುತ್ತೇವೆ" ಎಂಬ ಉತ್ತರ ಬರುತ್ತಲೇ ಇರುತ್ತದೆ, ಪುಸ್ತಕ ಪ್ರೆಸ್ಸಿನಲ್ಲೇ ಧೂಳು ತಿನ್ನುತ್ತದೆ. ಮೊದಲ ಫಾರ್ಮನ್ನು (ಒಟ್ಟಿಗೆ ಅಚ್ಚಾಗುವ ಮೊದಲ ಪುಟಗಳ ಕಟ್ಟನ್ನು) ಕೊನೆಗೆ ಅಚ್ಚು ಹಾಕಲು ಹೇಳಿ. ಮುನ್ನುಡಿಗೆ ಒಂದು ಪುಟ ಬಿಟ್ಟು ಒಂದು ಗಡುವು ಕೊಡಿ. ಅಷ್ಟರೊಳಗೆ ಬಂದರೆ ಹಾಕಿ, ಬರದಿದ್ದರೆ ಆ ಪುಟಕ್ಕೆ ಹಳೆಯ ಕೆಲಸಗಾರರ ಹೆಸರಿನ ಪಟ್ಟಿ ಕೂಡಿಸಿ ಅಚ್ಚಿಗೆ ಬಿಡಿ.